ಬ್ಯಾಟರಿ ಬೆಳಕಿಗೆ ಹೊಳೆಯುವ ಕಣ್ಣು ಹಂದಿಯದಲ್ಲ!

ಬೆಳೆ ಕಾಯುವ ರಾತ್ರಿಗಳಲ್ಲಿ ಬಂದೂಕು, ಬೆಳಕು, ಕಾಯ್ದೆ: ಗಡಿಯ ಎರಡೂ ಬದಿಯ ರೈತರು ತಿಳಿದಿರಬೇಕಾದದ್ದು

ಅಕ್ಕಲಕೋಟ: ಜೋಳ ಸೀತನಿಗೆ ಬಂತೆಂದರೆ ಈ ಭಾಗದ ರೈತನಿಗೆ ನಿದ್ದೆ ಇಲ್ಲ. ಹಗಲು ಹಕ್ಕಿ, ರಾತ್ರಿ ಹಂದಿ. ಮೈಂದರ್ಗಿ, ದುಧನಿ, ನಾಗಣಸೂರ, ತಡವಳ ಕಡೆಯ ಹೊಲಗಳಲ್ಲಿ ಅಟ್ಟ ಕಟ್ಟಿ, ಡಬ್ಬಿ ಬಡಿದು, ಪಟಾಕಿ ಹಾರಿಸಿ ಬೆಳೆ ಕಾಯುವುದು ಹೊಸದೇನಲ್ಲ. ಮೊದಲು ಕೈಯಲ್ಲಿ ಕವಣೆ, ಕಂದೀಲು ಇರುತ್ತಿದ್ದವು. ಈಗ ಅರ್ಧ ಕಿಲೋಮೀಟರ್ ದೂರ ಬೆಳಕು ಚೆಲ್ಲುವ ಚಾರ್ಜಿಂಗ್ ಬ್ಯಾಟರಿ ಬಂದಿದೆ. ಕೆಲವರ ಮನೆಯಲ್ಲಿ ಪರವಾನಾ ಇರುವ ಬಂದೂಕೂ ಇದೆ. ಬೆಳಕು ಮತ್ತು ಬಂದೂಕು ಒಂದೇ ರಾತ್ರಿ, ಒಂದೇ ಹೊಲದಲ್ಲಿ ಸೇರಿದಾಗ ಅಪಾಯ ಹಂದಿಗಿಂತ ಹೆಚ್ಚಾಗಿ ಮನುಷ್ಯನಿಗೆ.

ಕಾರಣ ಸರಳ. ರಾತ್ರಿ ಹೊಲ ಖಾಲಿ ಇರುವುದಿಲ್ಲ. ಕೃಷಿ ಪಂಪಿನ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದರೆ ನೀರು ಹಾಯಿಸುವವರು ರಾತ್ರಿಯೇ ಹೊರಡಬೇಕು. ಕಬ್ಬಿನ ಹಂಗಾಮಿನಲ್ಲಿ ಬೀಡ ಕಡೆಯಿಂದ ಬಂದ ಕಡಿಯುವ ಗ್ಯಾಂಗಿನವರು ಹೆಂಡಿರು ಮಕ್ಕಳೊಂದಿಗೆ ಹೊಲದ ಬದಿಯ ಕೊಪ್ಪಿಗಳಲ್ಲಿ ಮಲಗಿರುತ್ತಾರೆ. ಗೊಬ್ಬರಕ್ಕೆಂದು ಕುರಿ ತರುಬಿದ ಕುರುಬರು ಹಿಂಡಿನ ನಡುವೆಯೇ ಕಂಬಳಿ ಹೊದ್ದು ಒರಗಿರುತ್ತಾರೆ. ಪಕ್ಕದ ಹೊಲದವನು ತನ್ನ ಬೆಳೆ ಕಾಯುತ್ತ ಕೂತಿರುತ್ತಾನೆ. ಇವರಲ್ಲಿ ಯಾರೂ ಕತ್ತಲಲ್ಲಿ ಕಾಣುವುದಿಲ್ಲ.

ಕಣ್ಣಿನ ಹೊಳಪಿನ ಮೋಸ

ಬ್ಯಾಟರಿ ಬಿಟ್ಟಾಗ ಎರಡು ಕಣ್ಣು ಹೊಳೆದವು, ಹಂದಿ ಬಂತು ಎಂದು ಕೂಗುವುದು ನಮ್ಮ ಕಡೆ ಸಾಮಾನ್ಯ. ಇಲ್ಲಿಯೇ ಮೊದಲ ತಪ್ಪು. ನಾಯಿ, ಬೆಕ್ಕು, ಆಕಳು, ಎತ್ತು, ಕುರಿ, ಚಿಗರಿ, ತೋಳ, ಚಿರತೆ ಇವುಗಳ ಕಣ್ಣಿನೊಳಗೆ ಹಿಂಭಾಗದಲ್ಲಿ ಕನ್ನಡಿಯಂತಹ ಒಂದು ಪದರ ಇರುತ್ತದೆ. ಒಳಗೆ ಹೋದ ಬೆಳಕನ್ನು ಅದು ತಿರುಗಿಸಿ ಹೊರಗೆ ಕಳಿಸುತ್ತದೆ. ಕತ್ತಲಲ್ಲಿ ಹೆಚ್ಚು ಕಾಣಲಿ ಎಂದು ನಿಸರ್ಗ ಮಾಡಿಕೊಟ್ಟ ವ್ಯವಸ್ಥೆ ಇದು. ಅದರಿಂದಲೇ ಆ ಕಣ್ಣುಗಳು ದೀಪದಂತೆ ಹೊಳೆಯುತ್ತವೆ.

ಹಂದಿಯ ಕಣ್ಣಿನಲ್ಲಿ ಈ ಪದರ ಇಲ್ಲ. ಊರ ಹಂದಿಗೂ ಇಲ್ಲ, ಕಾಡುಹಂದಿಗೂ ಇಲ್ಲ. ಯಾವುದೋ ಕೋನದಲ್ಲಿ ಮಸುಕು ಕೆಂಪು ಕಂಡೀತು, ಅಷ್ಟೇ. ಬೆಕ್ಕಿನ ಕಣ್ಣಿನ ಹಾಗೆ ಅದು ಹೊಳೆಯುವುದಿಲ್ಲ. ಅಂದರೆ ಬೆಳಕಿಗೆ ಪಳಪಳ ಹೊಳೆದ ಕಣ್ಣಿನ ಮೇಲೆ ಗುರಿ ಇಟ್ಟವನು ಹಂದಿಯನ್ನಲ್ಲ, ನೆರೆಯವನ ಎತ್ತನ್ನೋ ಕುರುಬನ ನಾಯಿಯನ್ನೋ ಕಾಯ್ದೆಯ ರಕ್ಷಣೆ ಇರುವ ಚಿಗರಿಯನ್ನೋ ಹೊಡೆಯಲು ಹೊರಟಿದ್ದಾನೆ.

ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಮನುಷ್ಯನ ಕಣ್ಣಿನಲ್ಲಿಯೂ ಆ ಪದರ ಇಲ್ಲ. ಕಂಬಳಿ ಹೊದ್ದು ಬಾಗಿ ನೀರಿನ ಮಡೆ ತಿರುಗಿಸುವ ಮನುಷ್ಯ, ಬಹಿರ್ದೆಸೆಗೆ ಕೂತ ಮನುಷ್ಯ, ಜೋಳದ ದಂಟಿನ ನಡುವೆ ಕಪ್ಪು ಗುಡ್ಡೆಯಂತೆ ಕಾಣುತ್ತಾನೆ. ಹಂದಿಯೂ ಹಾಗೆಯೇ ಕಾಣುತ್ತದೆ. ಹೊಳೆಯುವ ಕಣ್ಣು ಹಂದಿಯದಲ್ಲ. ಹೊಳೆಯದ ನೆರಳು ಹಂದಿಯೇ ಎಂದು ಹೇಳಲೂ ಬರುವುದಿಲ್ಲ. ಮೂತಿ, ಬೆನ್ನಿನ ಕೂದಲು, ಕಾಲು, ನಡಿಗೆ ಪೂರ್ತಿ ಕಾಣುವ ತನಕ ಅದು ಗುರಿಯೇ ಅಲ್ಲ. ದಂಟು ಅಲುಗಿತು, ಸಪ್ಪಳ ಬಂತು ಎಂದು ಗುಂಡು ಬಿಡುವುದು ಅಂದಾಜಿನ ಮೇಲೆ ಜೀವ ತೆಗೆಯುವ ಕೆಲಸ.

ಗುಂಡು ಎಲ್ಲಿ ನಿಲ್ಲುತ್ತದೆ?

ಇಂಗ್ಲೆಂಡಿನ ಹಳ್ಳಿಗಳಲ್ಲಿ ಬೆಳೆ ತಿನ್ನುವ ಮೊಲ, ಕುರಿಮರಿ ಹಿಡಿಯುವ ನರಿಗಳನ್ನು ರಾತ್ರಿ ದೀಪ ಹಿಡಿದು ರೈಫಲ್ಲಿನಿಂದ ಹೊಡೆಯುವ ಪದ್ಧತಿ ಇದೆ. ಅದಕ್ಕೆ ಅಲ್ಲಿ 'ಲ್ಯಾಂಪಿಂಗ್' ಎನ್ನುತ್ತಾರೆ. ಅಲ್ಲಿನ ಕಾಯ್ದೆ ಬೇರೆ, ನಮ್ಮದು ಬೇರೆ. ಆದರೆ ಅಲ್ಲಿ ಬಂದೂಕು ಹಿಡಿದವರಿಗೆ ಕಲಿಸುವ ಒಂದು ನಿಯಮ ಎಲ್ಲ ದೇಶಕ್ಕೂ ಸಲ್ಲುತ್ತದೆ: ಗುರಿಯ ಹಿಂದೆ ಗುಂಡನ್ನು ತಡೆಯುವ ಮಣ್ಣಿನ ದಿಬ್ಬ ಕಣ್ಣಿಗೆ ಕಾಣದಿದ್ದರೆ ಗುಂಡು ಬಿಡಬಾರದು.

ಸೊಲ್ಲಾಪುರ ಸೀಮೆಯಲ್ಲಿ ಈ ನಿಯಮ ಪಾಲಿಸುವುದು ಕಷ್ಟ. ನಮ್ಮದು ಬಯಲು ನಾಡು. ಭೀಮಾ, ಸೀನಾ, ಬೋರಿ ದಂಡೆ ಬಿಟ್ಟರೆ ಎಲ್ಲ ಸಪಾಟು ಎರಿ ಹೊಲ. ಗುಂಡನ್ನು ತಡೆಯಲು ಗುಡ್ಡ ಇಲ್ಲ. .315 ರೈಫಲ್ಲಿನ ಗುಂಡು ಗುರಿ ತಪ್ಪಿದರೆ ಒಂದೆರಡು ಕಿಲೋಮೀಟರ್ ದಾಟಿ ಹೋಗಬಲ್ಲದು. ಅಷ್ಟರಲ್ಲಿ ನಾಲ್ಕು ವಸ್ತಿ, ಒಂದು ರಸ್ತೆ ಬಂದಿರುತ್ತದೆ. 12 ಬೋರಿನ ಛರ್ರೆ ಅಷ್ಟು ದೂರ ಹೋಗದು, ಆದರೆ ಹರಡಿಕೊಂಡು ಹೋಗುತ್ತದೆ. ಕಬ್ಬು, ಜೋಳ ಗುಂಡಿಗೆ ಅಡ್ಡವಾಗುವುದಿಲ್ಲ. ಬೇಸಿಗೆಯಲ್ಲಿ ಗಟ್ಟಿಯಾದ ನೆಲಕ್ಕೆ, ಬದುವಿನ ಕಲ್ಲಿಗೆ ಬಡಿದ ಗುಂಡು ಸಿಡಿದು ಬೇರೆ ದಿಕ್ಕು ಹಿಡಿಯುತ್ತದೆ.

ಅಟ್ಟದ ಮೇಲೆ ಕೂತು ಕೆಳಮುಖವಾಗಿ ಹೊಡೆದರೆ ನೆಲವೇ ತಡೆ. ಜೀಪಿನಿಂದ, ಮೋಟಾರ್ ಸೈಕಲ್ಲಿನಿಂದ ಬೆಳಕು ಬಿಟ್ಟು ಅಡ್ಡಡ್ಡ ಹೊಡೆಯುವುದು ಅತಿ ಅಪಾಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗ, ಬೇಟೆಗೆ ಇನ್ನೂ ಲೈಸೆನ್ಸ್ ಕೊಡುತ್ತಿದ್ದ ಆ ಕಾಲದಲ್ಲಿಯೇ, ವಾಹನದಿಂದ ಬೇಟೆ, ಕೃತಕ ಬೆಳಕಿನ ಬೇಟೆ, ಸೂರ್ಯ ಮುಳುಗಿದ ಮೇಲಿನ ಬೇಟೆಗೆ 17ನೇ ಕಲಮಿನಲ್ಲಿ ನಿರ್ಬಂಧ ಇತ್ತು. ಮಾಂಸಾಹಾರಿ ಪ್ರಾಣಿಗಳ ಬೇಟೆಗೆ ವಿಶೇಷ ಅನುಮತಿ ಪಡೆದವರಿಗೆ ಮಾತ್ರ ಬೆಳಕು ಮತ್ತು ರಾತ್ರಿಯ ವಿನಾಯಿತಿ ಇತ್ತು. 1991ರ ತಿದ್ದುಪಡಿಯಲ್ಲಿ ಆ ಕಲಮು ತೆಗೆದರು. ಸಡಿಲ ಮಾಡುವುದಕ್ಕಲ್ಲ, ಲೈಸೆನ್ಸಿನ ಬೇಟೆಯನ್ನೇ ಪೂರ್ತಿ ನಿಲ್ಲಿಸಿದ್ದರಿಂದ.

ಯಾವ ಪ್ರಾಣಿಗೆ ಯಾವ ಕಾಯ್ದೆ

ಕಾಯ್ದೆ 2022ರಲ್ಲಿ ಮತ್ತೆ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಮ್ಮ ಭಾಗದ ಪ್ರಾಣಿಗಳಲ್ಲಿ ಚಿಗರಿ, ಅಂದರೆ ಮರಾಠಿಯ ಕಾಳವೀಟ, ಒಂದನೇ ಅನುಸೂಚಿಯಲ್ಲಿದೆ. ನವಿಲು, ತೋಳ, ಚಿರತೆಯೂ ಅಲ್ಲಿಯೇ. ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ. ಈ ವ್ಯತ್ಯಾಸ ರೈತನಿಗೆ ಬಹಳ ಮುಖ್ಯ.

ಒಂದನೇ ಅನುಸೂಚಿಯ ಪ್ರಾಣಿ ಮನುಷ್ಯನ ಜೀವಕ್ಕೆ ಅಪಾಯವಾದರೆ, ಅಥವಾ ಗುಣವಾಗದಂತೆ ರೋಗ, ಗಾಯದಿಂದ ನರಳುತ್ತಿದ್ದರೆ ಮಾತ್ರ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು ಅದನ್ನು ಹೊಡೆಯಲು ಲಿಖಿತ ಆದೇಶ ಕೊಡಬಹುದು. ಬೆಳೆ ತಿಂದಿತು ಎಂಬುದು ಅದಕ್ಕೆ ಕಾರಣವಾಗುವುದಿಲ್ಲ. ನಾನಜ ಸುತ್ತಲಿನ ರೈತರಿಗೆ ಇದು ಹಳೆಯ ನೋವು. 1979ರಲ್ಲಿ ಮಾಳಢೋಕ ಹಕ್ಕಿಗಾಗಿ ಅಲ್ಲಿ ಅಭಯಾರಣ್ಯ ಆಯಿತು. ಮೊದಲು 8,496 ಚದರ ಕಿಲೋಮೀಟರ್ ಇದ್ದದ್ದನ್ನು ನಂತರ ಸುಮಾರು 1,222ಕ್ಕೆ ಇಳಿಸಿದರು. ಮಾಳಢೋಕ ಇಲ್ಲವೆನ್ನುವಷ್ಟು ಕಡಿಮೆಯಾಯಿತು, ಚಿಗರಿ ಹಿಂಡು ಉಳಿದವು. ಕಡಲೆ, ತೊಗರಿ ಚಿಗುರಿದಾಗ ಅವು ಹೊಲಕ್ಕೆ ಇಳಿಯುತ್ತವೆ. ಸಿಟ್ಟು ಸಹಜ. ಆದರೆ ಚಿಗರಿ ಕೊಂದದ್ದು ಸಾಬೀತಾದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, 25 ಸಾವಿರ ರೂಪಾಯಿಗೆ ಕಡಿಮೆ ಇಲ್ಲದ ದಂಡ. 1998ರಲ್ಲಿ ಜೋಧಪುರ ಬಳಿ ಚಿಗರಿ ಹೊಡೆದ ಪ್ರಕರಣದಲ್ಲಿ ನಟ ಸಲ್ಮಾನ್ ಖಾನ್‌ಗೆ 20 ವರ್ಷದ ನಂತರ, 2018ರಲ್ಲಿ ಕೆಳ ನ್ಯಾಯಾಲಯ 5 ವರ್ಷ ಶಿಕ್ಷೆ ಕೊಟ್ಟದ್ದು ಎಲ್ಲರಿಗೂ ನೆನಪಿದೆ.

ಕಾಡುಹಂದಿಯ ಮಾತು ಬೇರೆ. ಎರಡನೇ ಅನುಸೂಚಿಯ ಪ್ರಾಣಿ ಮನುಷ್ಯನಿಗೆ ಅಥವಾ ನಿಂತ ಬೆಳೆಗೆ ಅಪಾಯವಾದರೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಅಧಿಕಾರ ಪಡೆದ ಅರಣ್ಯಾಧಿಕಾರಿ ಲಿಖಿತ ಪರವಾನಗಿ ಕೊಡಬಹುದು. ಮಹಾರಾಷ್ಟ್ರದಲ್ಲಿ 2015ರ ಸರ್ಕಾರಿ ನಿರ್ಣಯದಿಂದ ಕಾಡುಹಂದಿ ಮತ್ತು ನೀಲಗಾಯಿ ವಿಷಯದಲ್ಲಿ ಈ ಅಧಿಕಾರ ವಲಯ ಅರಣ್ಯಾಧಿಕಾರಿ ಮಟ್ಟಕ್ಕೆ ಬಂದಿದೆ. ಕಾಗದ ಕೈಯಲ್ಲಿಲ್ಲದೆ ಬಂದೂಕು ಎತ್ತಿದರೆ ಅದು ಬೇಟೆಯೇ. ಅದಕ್ಕೆ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ಉರುಲು ಹಾಕುವುದು, ವಿಷ ಇಡುವುದು, ಬೆನ್ನಟ್ಟಿ ಓಡಿಸುವುದು ಸಹ ಕಾಯ್ದೆಯ ಭಾಷೆಯಲ್ಲಿ ಬೇಟೆಯೇ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಸತ್ತ ಹಂದಿ ಸರ್ಕಾರದ ಆಸ್ತಿ. ಪರವಾನಗಿ ಇದ್ದರೂ ಅದರ ಮಾಂಸ ಹಂಚಿಕೊಳ್ಳುವಂತಿಲ್ಲ.

ಮೈಮೇಲೆ ಬಂದ ಪ್ರಾಣಿಯನ್ನು ಜೀವ ಉಳಿಸಿಕೊಳ್ಳಲು ಹೊಡೆದರೆ ಅಪರಾಧವಲ್ಲ. ಆದರೆ ಆ ಹೊತ್ತಿನಲ್ಲಿ ತಾನೇ ಕಾಯ್ದೆ ಮುರಿಯುತ್ತಿದ್ದವನಿಗೆ, ಅಂದರೆ ಕದ್ದು ಬೇಟೆಗೆ ಹೋಗಿದ್ದವನಿಗೆ ಈ ರಕ್ಷಣೆ ಸಿಗುವುದಿಲ್ಲ.

ಕರಮಾಳದಲ್ಲಿ ನಡೆದದ್ದು

ಸರ್ಕಾರದ ಆದೇಶದ ಮೇಲೆ ಗುಂಡು ಹಾರಿದ ಉದಾಹರಣೆ ನಮ್ಮ ಜಿಲ್ಲೆಯಲ್ಲೇ ಇದೆ. 2020ರ ಡಿಸೆಂಬರಿನಲ್ಲಿ ಕರಮಾಳ ತಾಲ್ಲೂಕಿನಲ್ಲಿ ಚಿರತೆಯೊಂದು ಕೆಲವೇ ದಿನಗಳಲ್ಲಿ ಮೂವರ ಜೀವ ತೆಗೆಯಿತು. ಅದಕ್ಕೂ ಮೊದಲು ಬೀಡ, ಅಹ್ಮದನಗರ ಕಡೆಯಲ್ಲೂ ಅದು ಜನರನ್ನು ಕೊಂದಿತ್ತು. ಬೋನು, ಕ್ಯಾಮೆರಾ, ಡ್ರೋನ್ ಎಲ್ಲ ಆದವು. ಸಂಜೆಯಾದರೆ ಹೊಲಕ್ಕೆ ಹೋಗುವವರಿಲ್ಲ, ಕಬ್ಬು ಕಡಿಯುವವರು ಊರು ಬಿಟ್ಟರು. ಕೊನೆಗೆ ಹೊಡೆಯಲು ಆದೇಶ ಬಂತು. ಡಿಸೆಂಬರ್ 18ರಂದು ವಾಂಗಿ ಸೀಮೆಯ ಬಾಳೆ ತೋಟದಲ್ಲಿ ಅಕಲೂಜದ ಡಾ. ಧವಲಸಿಂಹ ಮೋಹಿತೆ ಪಾಟೀಲರ ಗುಂಡಿಗೆ ಅದು ಬಿತ್ತು.

ಈ ಘಟನೆಯಲ್ಲಿ ಜನ ನೆನಪಿಟ್ಟದ್ದು ಗುರಿಕಾರನನ್ನು. ನೆನಪಿಡಬೇಕಾದದ್ದು ಅದರ ಹಿಂದಿನ ವ್ಯವಸ್ಥೆಯನ್ನು. ಯಾವ ಪ್ರಾಣಿ ಎಂಬುದು ಖಾತ್ರಿ ಆಗಿತ್ತು, ಲಿಖಿತ ಆದೇಶ ಇತ್ತು, ಅರಣ್ಯ ಇಲಾಖೆ ಮತ್ತು ಪೊಲೀಸರು ಜೊತೆಗಿದ್ದರು, ಗುಂಡು ಹಾರಿಸುವವನು ಪಳಗಿದವನಾಗಿದ್ದ. ಮನುಷ್ಯನನ್ನು ಕೊಲ್ಲುವ ಚಿರತೆಗೇ ಇಷ್ಟು ತಯಾರಿ ಬೇಕಾದರೆ, ಜೋಳ ತಿನ್ನುವ ಹಂದಿಗೆ ಅರೆನಿದ್ದೆಯಲ್ಲಿ ಗುಂಡು ಬಿಡುವುದು ಹೇಗೆ ಸರಿಯಾದೀತು?

ಭೀಮೆ ದಾಟಿದ ಹಂದಿ, ದಾಟಬಾರದ ಬಂದೂಕು

ಅಕ್ಕಲಕೋಟದ ಎಷ್ಟೋ ಮನೆತನಗಳ ಹೊಲ ಇತ್ತ, ಬೀಗರು ಅತ್ತ. ಅಫಜಲಪುರ, ಆಳಂದ, ಇಂಡಿ ತಾಲ್ಲೂಕುಗಳಲ್ಲಿ ಅಣ್ಣ ತಮ್ಮಂದಿರ ಜಮೀನು ಇದ್ದವರೂ ಇದ್ದಾರೆ. ಹಂದಿ ಹಿಂಡು ಬೇಸಿಗೆಯಲ್ಲಿ ಭೀಮೆಯ ಪಾತ್ರ ದಾಟಿ ಎರಡೂ ದಂಡೆಯಲ್ಲಿ ಮೇಯುತ್ತದೆ. ವನ್ಯಜೀವಿ ಕಾಯ್ದೆ ಎರಡೂ ಕಡೆ ಒಂದೇ. ಆದರೆ ಪರವಾನಗಿ ಕೊಡುವ ಕಚೇರಿ ಬೇರೆ ಬೇರೆ. ಅಕ್ಕಲಕೋಟದ ವಲಯ ಕಚೇರಿ ಕೊಟ್ಟ ಕಾಗದ ಇಂಡಿಯ ಹೊಲದಲ್ಲಿ ನಡೆಯದು.

ಬಂದೂಕಿನದೂ ಅದೇ ಕಥೆ. ಶಸ್ತ್ರ ಪರವಾನಾ ಪುಸ್ತಕದಲ್ಲಿ ಅದು ಯಾವ ಪ್ರದೇಶಕ್ಕೆ ಸಲ್ಲುತ್ತದೆ ಎಂದು ಬರೆದಿರುತ್ತದೆ. ಅದನ್ನು ಓದದೆ, ತಮ್ಮನ ಹೊಲ ಕಾಯಲು ಬಂದೂಕು ಹೆಗಲಿಗೇರಿಸಿ ಗಡಿ ದಾಟಿದರೆ ಶಸ್ತ್ರ ಕಾಯ್ದೆಯ ಪ್ರಕರಣ ಆಗುತ್ತದೆ. ಒಬ್ಬರ ಹೆಸರಿನ ಬಂದೂಕನ್ನು ಮಗ, ಅಳಿಯ, ಆಳು ಒಯ್ಯುವುದೂ ಸಲ್ಲದು. ಸೊಲ್ಲಾಪುರ ಶಹರದಲ್ಲಿ ಪರವಾನಾ ಕೊಡುವವರು ಪೊಲೀಸ್ ಆಯುಕ್ತರು, ಗ್ರಾಮೀಣ ಭಾಗಕ್ಕೆ ಜಿಲ್ಲಾಧಿಕಾರಿ. ಬೆಳೆ ರಕ್ಷಣೆಗೆಂದೇ ಪರವಾನಾ ಕೊಡುವ ಅವಕಾಶ 2016ರ ಶಸ್ತ್ರ ನಿಯಮಗಳಲ್ಲಿದೆ. ಆದರೆ ಬಂದೂಕಿನ ಪರವಾನಾ ಬೇರೆ, ಹಂದಿ ಹೊಡೆಯುವ ಪರವಾನಗಿ ಬೇರೆ. ಎರಡೂ ಬೇಕು.

ಏರ್‌ಗನ್ನಿಗೆ ಕಾಯ್ದೆ ಇಲ್ಲ ಎಂದು ತಿಳಿದ ಹುಡುಗರೂ ಇದ್ದಾರೆ. ಕಡಿಮೆ ಶಕ್ತಿಯ ಏರ್‌ಗನ್ನಿಗೆ ಪರವಾನಾ ಬೇಡ ಎಂಬುದು ನಿಜ. ಅದರಿಂದ ನವಿಲು, ಮೊಲ ಹೊಡೆದರೆ ಕಾಯ್ದೆಯ ಪ್ರಕಾರ ಅದೂ ಬೇಟೆ.

ಗುಂಡಿಗಿಂತ ಕೆಟ್ಟದ್ದು ತಂತಿ

ಬಂದೂಕು ಇಲ್ಲದವರು ಹಿಡಿಯುವ ದಾರಿ ಇನ್ನೂ ಭಯಂಕರ. ಕಂಬದ ಕರೆಂಟಿಗೆ ಆಕಡೆ ಹಾಕಿ ಹೊಲದ ಸುತ್ತ ಬರಿ ತಂತಿ ಎಳೆಯುವುದು. ಈ ತಂತಿಗೆ ಹಂದಿ, ಮನುಷ್ಯ ಎಂಬ ಭೇದವಿಲ್ಲ. ಬೆಳಗಿನ ಜಾವ ಮೋಟಾರ್ ಚಾಲೂ ಮಾಡಲು ಬಂದ ಮನೆಯವರೇ ಅದಕ್ಕೆ ಬಲಿಯಾಗುವುದುಂಟು. ಹಾಕಿದವನ ಮೇಲೆ ಕರೆಂಟು ಕಳವು, ವನ್ಯಜೀವಿ ಕಾಯ್ದೆ, ಮನುಷ್ಯ ಸತ್ತರೆ ನರಹತ್ಯೆಯ ಕಲಮು ಎಲ್ಲ ಬೀಳುತ್ತವೆ. ಹಿಟ್ಟಿನ ಉಂಡೆಯಲ್ಲಿ ಸಿಡಿಮದ್ದು ಇಡುವುದೂ ಇದೇ ಸಾಲಿನದು. ಅದನ್ನು ಮೊದಲು ಕಚ್ಚುವುದು ಊರ ನಾಯಿ, ಮೇಯಲು ಬಿಟ್ಟ ಎಮ್ಮೆ.

ಬ್ಯಾಟರಿ ಇಲ್ಲವೇ ಸೋಲಾರ್ ಮೇಲೆ ನಡೆಯುವ 'ಝಟಕಾ ಮಷೀನ್' ಇದಕ್ಕೆ ಸರಿಯಾದ ಪರ್ಯಾಯ. ಅದರಲ್ಲಿ ಕರೆಂಟು ಸತತವಾಗಿ ಹರಿಯುವುದಿಲ್ಲ. ಸುಮಾರು ಸೆಕೆಂಡಿಗೊಮ್ಮೆ, ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ಮಾತ್ರ ಹೊಡೆತ ಬರುತ್ತದೆ. ಮುಟ್ಟಿದ ಪ್ರಾಣಿ ಬೆಚ್ಚಿ ಹಿಂದೆ ಸರಿಯುತ್ತದೆ, ಸಾಯುವುದಿಲ್ಲ. ಹಂದಿಗಾದರೆ ತಂತಿ ನೆಲಕ್ಕೆ ಹತ್ತಿರ ಇರಬೇಕು, ಕೆಳಗಿನ ಹುಲ್ಲು ತೆಗೆಯುತ್ತಿರಬೇಕು. ಮಷೀನು ಸರಿಯಾದ ಕಂಪನಿಯದಾಗಿರಬೇಕು. ಮನೆಯಲ್ಲಿ ಜೋಡಿಸಿದ್ದು ಬೇಡ.

ಬೇರೆ ಗಡಿಗಳಲ್ಲಿ ಏನಾಯಿತು

2016ರಲ್ಲಿ ಚಂದ್ರಪುರ ಜಿಲ್ಲೆಯಲ್ಲಿ 53 ಕಾಡುಹಂದಿಗಳನ್ನು ಹೊಡೆಸಿದಾಗ ಕೇಂದ್ರದ ಇಬ್ಬರು ಸಚಿವರಾದ ಮೇನಕಾ ಗಾಂಧಿ ಮತ್ತು ಪ್ರಕಾಶ ಜಾವಡೇಕರ ನಡುವೆಯೇ ಬಹಿರಂಗ ಜಟಾಪಟಿ ನಡೆಯಿತು. ಇತ್ತ ಕನ್ನಡಿಗರ ಇನ್ನೊಂದು ಗಡಿಯಾದ ಕಾಸರಗೋಡು ಸೇರಿದಂತೆ ಕೇರಳದಲ್ಲಿ 2022ರ ಮೇ ತಿಂಗಳಲ್ಲಿ ಸರ್ಕಾರ ಪಂಚಾಯಿತಿ ಅಧ್ಯಕ್ಷರಿಗೇ ಹಂದಿ ಹೊಡೆಸುವ ಅಧಿಕಾರ ಕೊಟ್ಟಿತು. ಆದರೆ ವಿಷ, ಸಿಡಿಮದ್ದು, ಕರೆಂಟು ಬಳಸುವಂತಿಲ್ಲ, ಪರವಾನಾ ಇರುವ ಬಂದೂಕೇ ಆಗಬೇಕು ಎಂದು ಷರತ್ತು ಹಾಕಿತು. ಕೊಡಗಿನಲ್ಲಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬಂದೂಕಿನ ಪರವಾನಾದಿಂದ ವಿನಾಯಿತಿ ಇದ್ದು, ಅದನ್ನು 2019ರಲ್ಲಿ ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಅಲ್ಲಿಯೂ ವಿನಾಯಿತಿ ಇರುವುದು ಬಂದೂಕು ಇಟ್ಟುಕೊಳ್ಳಲು, ವನ್ಯಪ್ರಾಣಿ ಹೊಡೆಯಲು ಅಲ್ಲ.

ಹೊಡೆದರೆ ಹಂದಿ ಕಾಟ ತೀರುತ್ತದೆಯೇ ಎಂಬುದೂ ಪ್ರಶ್ನೆಯೇ. ಹಂದಿ ಒಂದು ಸೂಲಿಗೆ ನಾಲ್ಕಾರು ಮರಿ ಹಾಕುತ್ತದೆ. ಒಂದು ಬಿದ್ದರೆ ಉಳಿದ ಹಿಂಡು ಪಕ್ಕದ ಕಬ್ಬಿಗೆ ಹೋಗುತ್ತದೆ. ಹಗಲು ಅಡಗಲು ಕಬ್ಬು, ಹಳ್ಳದ ಜಾಲಿ. ರಾತ್ರಿ ತಿನ್ನಲು ಶೇಂಗಾ, ಮೆಕ್ಕೆಜೋಳ, ಜೋಳ. ಈ ಅನುಕೂಲ ಇರುವತನಕ ಒಂದೆರಡು ಗುಂಡಿನಿಂದ ಹೆಚ್ಚು ಫರಕು ಬೀಳದು. ಊರೆಲ್ಲ ಸೇರಿ ಪಾಳಿ ಹಾಕಿ ಕಾಯುವುದು, ಅಕ್ಕಪಕ್ಕದ ಹೊಲದವರು ಕೂಡಿ ಒಂದೇ ಝಟಕಾ ಬೇಲಿ ಹಾಕುವುದು ಇದಕ್ಕಿಂತ ಹೆಚ್ಚು ದಿನ ಬಾಳುತ್ತದೆ.

ಭರಪಾಯಿ ಬಿಡಬೇಡಿ

ಬಂದೂಕಿನ ಮಾತಿನಲ್ಲಿ ರೈತರು ಮರೆಯುವುದು ನಷ್ಟ ಭರಪಾಯಿ. ಮಹಾರಾಷ್ಟ್ರದಲ್ಲಿ ಹಂದಿ, ಚಿಗರಿ, ನೀಲಗಾಯಿ, ಮಂಗ್ಯಾ ಮುಂತಾದವು ಬೆಳೆ ಹಾಳು ಮಾಡಿದರೆ 3 ದಿನದೊಳಗೆ ಅರಣ್ಯ ಇಲಾಖೆಗೆ ಅರ್ಜಿ ಕೊಡಬೇಕು. ಸಾತಬಾರಾ ಉತಾರೆ, ಬ್ಯಾಂಕ್ ಪಾಸ್‌ಬುಕ್ ನಕಲು, ಹಾಳಾದ ಬೆಳೆಯ ಫೋಟೋ ಜೊತೆಗಿರಲಿ. ಪಂಚನಾಮೆ ಆಗುವವರೆಗೆ ಹೊಲ ಹಾಗೆಯೇ ಬಿಡುವುದು ಒಳ್ಳೆಯದು. ನಾಲ್ಕನೇ ದಿನ ಹೋದವರ ಅರ್ಜಿ ಅಲ್ಲಿಯೇ ನಿಲ್ಲುವುದು ಇದೆ. ಕರ್ನಾಟಕದ ಬದಿಯ ಹೊಲಕ್ಕೆ ಅಲ್ಲಿನ ವಲಯ ಅರಣ್ಯ ಕಚೇರಿಯಲ್ಲಿ ಪಹಣಿಯೊಂದಿಗೆ ಅರ್ಜಿ ಹಾಕಬೇಕು. ಎರಡೂ ರಾಜ್ಯಗಳಲ್ಲಿ ಅರಣ್ಯ ಸಹಾಯವಾಣಿಯ ನಂಬರು ಒಂದೇ: 1926.

ಅಕ್ಕಲಕೋಟದ ರಾಜವಾಡೆಯ ಶಸ್ತ್ರಾಗಾರದಲ್ಲಿ ಸಂಸ್ಥಾನ ಕಾಲದ ಬಂದೂಕುಗಳನ್ನು ಜನ ಮಕ್ಕಳಿಗೆ ತೋರಿಸಿಕೊಂಡು ಬರುತ್ತಾರೆ. ಅವು ಗಾಜಿನ ಹಿಂದೆ ಇವೆ. ಹೊಲಕ್ಕೆ ಹೋಗುವ ಬಂದೂಕಿಗೆ ಹಿಡಿದವನ ಎಚ್ಚರವಲ್ಲದೆ ಬೇರೆ ತಡೆ ಇಲ್ಲ.

ರಾತ್ರಿ ಹೊಲಕ್ಕೆ ಹೋಗುವವರಿಗೆ

* ಎಲ್ಲಿ, ಎಷ್ಟು ಹೊತ್ತು ಇರುತ್ತೀರಿ ಎಂದು ಮನೆಯಲ್ಲಿ, ಪಕ್ಕದ ಹೊಲದವರಿಗೆ ಹೇಳಿ ಹೋಗಿ. ಒಬ್ಬರೇ ಹೋಗಬೇಡಿ.

* ಹೊಳೆಯುವ ಪಟ್ಟಿ ಇರುವ ಜಾಕೀಟು, ಇಲ್ಲವೇ ಬಿಳಿ ಅಂಗಿ ಹಾಕಿ. ಕರಿ ಕಂಬಳಿ ಹೊದ್ದು ಹೊಲದಲ್ಲಿ ಅಡ್ಡಾಡಬೇಡಿ.

* ಬ್ಯಾಟರಿ ಎರಡಿರಲಿ. ಒಂದು ದೂರಕ್ಕೆ, ಒಂದು ಕಾಲಬುಡಕ್ಕೆ. ಕಟ್ಟೆ ಇಲ್ಲದ ಬಾವಿ, ಹಾವು ಇವು ಹಂದಿಗಿಂತ ಹತ್ತಿರದ ಅಪಾಯ.

* ಯಾರಾದರೂ ದೂರದಿಂದ ಬೆಳಕು ಬಿಟ್ಟರೆ ಅಡಗಬೇಡಿ. ನಿಮ್ಮ ಬೆಳಕು ಆಡಿಸಿ, ಕೂಗಿ.

* ಪರವಾನಗಿ ಸಿಕ್ಕು ಹಂದಿ ಹೊಡೆಯುವುದಿದ್ದರೆ ಅರಣ್ಯ ಕಚೇರಿ, ಪೊಲೀಸ್ ಠಾಣೆ, ಸರಪಂಚರಿಗೆ ಮೊದಲೇ ತಿಳಿಸಿ. ಇತ್ತ ಕೋತವಾಲನ ದವಂಡಿ, ಅತ್ತ ತಳವಾರನ ಡಂಗುರ ಆಗಲಿ. ಕಬ್ಬಿನ ಗ್ಯಾಂಗಿನವರಿಗೆ, ಕುರುಬರಿಗೆ ಖುದ್ದಾಗಿ ಹೇಳಿ. ಅವರಿಗೆ ದವಂಡಿ ಕೇಳಿಸುವುದಿಲ್ಲ.

* ಹಗಲಿನಲ್ಲಿ ಹೋಗಿ ವಸ್ತಿ, ರಸ್ತೆ, ಕೊಪ್ಪಿ, ಬಾವಿ ಎಲ್ಲಿವೆ ಎಂದು ನೋಡಿ, ಯಾವ ದಿಕ್ಕಿಗೆ ಗುಂಡು ಬಿಡಲೇಬಾರದು ಎಂದು ಗೊತ್ತು ಮಾಡಿಕೊಳ್ಳಿ.

* ಒಂದೇ ಬಂದೂಕು, ಒಬ್ಬನೇ ಬ್ಯಾಟರಿಯವನು. ಬ್ಯಾಟರಿಯವನು ಬಂದೂಕಿನ ಮುಂದೆ ನಿಲ್ಲಬಾರದು.

* ಬದು ದಾಟುವಾಗ, ಅಟ್ಟ ಏರುವಾಗ, ಗಾಡಿಯಲ್ಲಿ ಕೂರುವಾಗ ತೋಟಾ ಹೊರಗೆ ತೆಗೆದಿರಲಿ. ಕುಡಿದವನ ಕೈಗೆ ಬಂದೂಕು ಕೊಡಬೇಡಿ.

* ಗಾಯಗೊಂಡ ಹಂದಿಯ ಬೆನ್ನು ಹತ್ತಿ ರಾತ್ರಿ ಕಬ್ಬಿನೊಳಗೆ ನುಗ್ಗಬೇಡಿ. ಬೆಳಗಾಗಲಿ, ಇಲಾಖೆಯವರು ಬರಲಿ.

* ಮನಸ್ಸಿನಲ್ಲಿ ಸಂಶಯ ಬಂದರೆ ಬೆರಳು ಕುದುರೆಯಿಂದ ತೆಗೆಯಿರಿ. ಹಾಳಾದ ಜೋಳಕ್ಕೆ ಭರಪಾಯಿ ಕೇಳಬಹುದು, ಹೋದ ಜೀವ ಮರಳಿ ಬಾರದು.